ಕಪ್ಪೆಯಾಟ ಕಲಿಸಿದ ಜೋಬೇದಾ ಆಪಾ

ಜೋಬೇದಾಗೆ ಎಂಟೋ ಒಂಬತ್ತೋ ವರ್ಷ ಇದ್ದಾಗ, ಚೈತ್ರದ ಒಂದು ಮಧ್ಯಾಹ್ನ ಮೇಕೆ ಹುಡುಕಿಕೊಂಡು ಹೋದವಳು ಮಣ್ಣು ತೆಗೆದ ಗುಂಡಿಗೆ ಜಾರಿ ಬಿದ್ದಳು. ಬಿದ್ದವಳಿಗೆ ಏಳಲಾಗಲಿಲ್ಲ. ಊರಿನ ಮಗ್ಗಗಳೆಲ್ಲ ತಲೆಯ ಮೇಲೇ ಒಟ್ಟಿಗೆ ಬಡಿದುಕೊಂಡಂಥ ಸದ್ದು. ಮುಖ ಕೆಸರಿನಲ್ಲಿ ಹೂತುಹೋಗಿತ್ತು, ಬೆನ್ನ ಮೇಲೆ ಆಲಿಕಲ್ಲು ಬೀಳುತ್ತಿತ್ತು. ಸದ್ದು ನಿಂತ ಮೇಲೆ ತೆವಳಿಕೊಂಡು ಮೇಲೆ ಬಂದು ನೋಡಿದರೆ ದಿಬ್ಬವಿತ್ತು, ದಿಬ್ಬದ ಮೇಲಿನ ಮನೆಯಿರಲಿಲ್ಲ. ಬಾಳೆಗಿಡಗಳೂ ಇರಲಿಲ್ಲ. ಅಮ್ಮ ಸಂಜೆ ಸೆಣಬಿನ ಹೊಲದಲ್ಲಿ ಸಿಕ್ಕಳು, ಸಣ್ಣ ತಮ್ಮನನ್ನು ಅವುಚಿಕೊಂಡೇ ಇದ್ದಳು.

ಹೆಣ ತೊಳೆದ ಹೆಂಗಸರು, ಕೊಂದದ್ದು ಗಾಳಿಯಲ್ಲ ತಗಡು ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಮೂಲೆಯಲ್ಲಿ ಕೂತಿದ್ದ ಹುಡುಗಿಯ ಕಿವಿಗೂ ಅದು ಬಿತ್ತು. ಆ ಸೀಮೆಯಲ್ಲಿ ಒಂದು ಕುಟುಂಬ ತಲೆಯೆತ್ತಿತು ಎಂದರೆ ಹುಲ್ಲಿನ ಸೂರು ತೆಗೆದು ತಗಡು ಹೊದಿಸಿತು ಎಂದೇ ಅರ್ಥ. ಬಿಸಿಲಿಗೆ ಮಿರುಗುವ ತಗಡು ನೋಡಿಯೇ ಹೆಣ್ಣು ಕೊಡುತ್ತಿದ್ದರು. ಸುಂಟರಗಾಳಿ ಬಂದಾಗ ಅದೇ ತಗಡು ಮೊಳೆ ಕಿತ್ತುಕೊಂಡು ಕುಡುಗೋಲಿನ ಹಾಗೆ ಹಾರುತ್ತಿತ್ತು.

ಅಪ್ಪ ಮತ್ತೊಂದು ಮದುವೆಯಾದ. ಜೋಬೇದಾ ಸೋದರತ್ತೆಯ ಮನೆಯಲ್ಲಿ ಬೆಳೆದಳು, ಎಂಟನೇ ತರಗತಿಯವರೆಗೆ ಓದಿದಳು, ಹಿಜಲ್‌ತಲಾದ ಕುದ್ದೂಸನನ್ನು ಮದುವೆಯಾಗಿ ಬಂದಳು. ಕುದ್ದೂಸ್ ಮೂರು ಚಕ್ರದ ಸೈಕಲ್ ಗಾಡಿ ತುಳಿಯುತ್ತಿದ್ದ, ಸಂತೆಗೆ ಸೆಣಬು, ಈರುಳ್ಳಿ, ಜನ ಎಲ್ಲವನ್ನೂ ಹೇರುತ್ತಿದ್ದ. ಮಾತಿನಲ್ಲಿ ತಮಾಷೆ ಇದ್ದ ಮನುಷ್ಯ. ಒಬ್ಬಳೇ ಮಗಳು ಹುಟ್ಟಿ, ಬೆಳೆದು, ನದಿಯಾಚೆಗೆ ಮದುವೆಯಾಗಿ ಹೋದಳು. ಅವಳು ಹೋದ ಮೇಲೆ ಮನೆ ಬಿಕೋ ಎನ್ನತೊಡಗಿತು. ಅದೇ ಸಮಯಕ್ಕೆ ಒಂದು ಸಂಸ್ಥೆಯವರು ಊರಲ್ಲಿ ಒಂದು ಕೋಣೆಯ ಶಾಲೆ ತೆರೆಯಲು ಓದು ಬಲ್ಲ ಹೆಂಗಸನ್ನು ಹುಡುಕುತ್ತ ಬಂದರು. ಸಿಕ್ಕವಳು ಜೋಬೇದಾ. ಅಂದಿನಿಂದ ಅವಳು ಊರಿಗೆಲ್ಲ ಆಪಾ, ಅಂದರೆ ಅಕ್ಕ.

ಪಟ್ಟಣದಲ್ಲಿ ಅವರು ಕೊಟ್ಟ ತರಬೇತಿಯ ಕೊನೆಯ ದಿನ ಬಿರುಗಾಳಿಯ ಪಾಠವಿತ್ತು. ತರಬೇತಿ ಕೊಡುತ್ತಿದ್ದವನು ಹಲಗೆಯ ಮೇಲೆ ಆನೆಯ ಸೊಂಡಿಲಿನಂಥದೊಂದು ಬರೆದು ಹೇಳಿದ. ವಾಯವ್ಯದಲ್ಲಿ ಕಪ್ಪು ಮೋಡ ಎದ್ದು, ಆಲಿಕಲ್ಲು ಬಿದ್ದು, ಗಾಳಿ ಒಮ್ಮೆಲೇ ಸ್ತಬ್ಧವಾದರೆ ಎಚ್ಚರ. ತಗಡಿನ ಮನೆಯೊಳಗೆ ನಿಲ್ಲಬೇಡಿ. ಮರದ ಕೆಳಗೆ ನಿಲ್ಲಬೇಡಿ. ಗಟ್ಟಿ ಕಟ್ಟಡ ಹತ್ತಿರವಿಲ್ಲದಿದ್ದರೆ ತಗ್ಗಿನಲ್ಲಿ ಬೋರಲು ಮಲಗಿ, ಕೈಗಳಿಂದ ತಲೆ, ಕತ್ತು ಮುಚ್ಚಿಕೊಳ್ಳಿ.

ಜೋಬೇದಾ ಸೆರಗು ಬಾಯಿಗೆ ಅಡ್ಡ ಹಿಡಿದು ಅಳತೊಡಗಿದಳು. ಅಷ್ಟು ವರ್ಷ ಅವಳ ಎದೆಯಲ್ಲಿ ಒಂದು ಮುಳ್ಳಿತ್ತು. ಅಮ್ಮನನ್ನೂ ತಮ್ಮನನ್ನೂ ಬಿಟ್ಟು ತಾನೊಬ್ಬಳೇ ಹೇಗೆ ಉಳಿದೆ, ಏನು ತಪ್ಪು ಮಾಡಿ ಉಳಿದೆ ಎಂದು. ಈಗ ಯಾರೋ ಓದಿದವರು, ನೀನು ಮಾಡಿದ್ದೇ ಸರಿ ಎಂದು ಹೇಳಿದಂತಾಯಿತು. ಮಾಡಿದ್ದಲ್ಲ, ಬಿದ್ದದ್ದು. ಆದರೂ ಅವಳಿಗೆ ಅಷ್ಟು ಸಾಕಿತ್ತು.

"ಹೀಗೆ ಮಾಡಿದರೆ ಅಪಾಯ ಕಡಿಮೆ" ಎಂದು ಅವನು ಪಾಠ ಮುಗಿಸಿದ. ಅವನು ಅಷ್ಟೇ ಹೇಳಿದ್ದು.

*

ಶಾಲೆಯ ನೆಲ ಎತ್ತರಿಸಲು ಪಕ್ಕದಲ್ಲೇ ಮಣ್ಣು ತೆಗೆದಿದ್ದರು. ಅದು ಉದ್ದನೆಯ ಹಳ್ಳವಾಗಿ ಉಳಿದಿತ್ತು, ಮಳೆಗಾಲದಲ್ಲಿ ನೀರು, ಬೇಸಿಗೆಯಲ್ಲಿ ಬರೀ ಕೆಸರು. ಜೋಬೇದಾ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಆಟ ಕಲಿಸಿದಳು. ಅವಳು "ಕಪ್ಪೆ" ಎಂದು ಕೂಗಿದ ಕೂಡಲೆ ಎಲ್ಲಿದ್ದವರು ಅಲ್ಲಿಂದ ಓಡಿಬಂದು ಹಳ್ಳಕ್ಕೆ ಹಾರಿ ಬೋರಲು ಮಲಗಬೇಕು. ಕೈಬೆರಳು ಹೆಣೆದು ಕತ್ತಿನ ಹಿಂದೆ. ಮಾತಿಲ್ಲ, ತಲೆ ಎತ್ತುವಂತಿಲ್ಲ. ಅವಳು "ಮುಗೀತು" ಎನ್ನುವವರೆಗೆ ಏಳುವಂತಿಲ್ಲ. ತಡವಾಗಿ ಬಂದವರಿಗೆ ಮರುದಿನ ಕೋಣೆ ಗುಡಿಸುವ ಶಿಕ್ಷೆ.

ಮೊದಲ ಸಲ ಆ ಗಾಳಿಯ ಸಂಗತಿ ಹೇಳಿದಾಗ ಮಕ್ಕಳ ಮುಖ ಬಿಳಿಚಿಕೊಂಡಿತು. ಒಂದು ಪುಟ್ಟ ಹುಡುಗಿ ಕೂತಲ್ಲೇ ಉಚ್ಚೆ ಹೊಯ್ದುಕೊಂಡಳು. ಜೋಬೇದಾ ಆ ಮಗುವನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡಳು. ಆಗ ಅವಳ ಬಾಯಿಂದ ಆ ಮಾತು ಬಂತು.

"ಹೀಗೆ ಮಲಕ್ಕೊಂಡ್ರೆ ಏನೂ ಆಗಲ್ಲ. ನನ್ನ ನೋಡಿ. ನನಗೆ ಏನಾದ್ರೂ ಆಯ್ತಾ?"

ಮಕ್ಕಳ ಮುಖ ಅರಳಿತು. ಅಂದಿನಿಂದ ಪ್ರತಿ ಸಲ ಪಾಠದ ಕೊನೆಗೆ ಅವಳು ಅದನ್ನೇ ಹೇಳಿದಳು. ಮಕ್ಕಳೂ ರಾಗವಾಗಿ ಜೊತೆಗೂಡಿಸುತ್ತಿದ್ದರು: ಏನೂ ಆಗಲ್ಲ.

ಊರಿನವರಿಗೆ ಇದು ನಗೆಪಾಟಲಾಯಿತು. ಮಸೀದಿಯಲ್ಲಿ ಬಾಂಗ್ ಕೊಡುತ್ತಿದ್ದ ಮುದುಕ ಕಾಸೆಂ ಮುನ್ಷಿ ಒಂದು ದಿನ ಬೇಲಿಯಾಚೆ ನಿಂತು ಆಟ ನೋಡಿ ಕೇಳಿದ.

"ಏನಮ್ಮಾ ಜೋಬೇದಾ, ಅಲ್ಲಾಹ್ ಕಳಿಸಿದ ಗಾಳಿಗೆ ನಿನ್ನ ಕಪ್ಪೆಗಳು ಅಡ್ಡ ಮಲಗ್ತಾವಾ?"

"ಅಡ್ಡ ಮಲಗಲ್ಲ ಚಾಚಾ, ಬಗ್ಗಿ ಮಲಗ್ತಾವೆ. ನಮಾಜಲ್ಲಿ ನೀವು ಬಗ್ಗಲ್ವಾ?"

ಮುದುಕ ಗಡ್ಡ ನೀವಿಕೊಂಡು ನಕ್ಕ. "ನಿನ್ನ ಬಾಯಿಗೆ ಕುದ್ದೂಸ್ ಹೇಗೆ ಏಗ್ತಾನೋ."

"ಏಗಲ್ಲ ಮುನ್ಷಿ ಸಾಹೇಬ್ರೇ, ಗಾಡಿ ತುಳ್ಕೊಂಡು ಓಡಿಹೋಗ್ತೀನಿ" ಎಂದ, ಅಲ್ಲೇ ಗಾಡಿಯ ಸರಪಳಿಗೆ ಎಣ್ಣೆ ಬಿಡುತ್ತಿದ್ದ ಕುದ್ದೂಸ್.

ಜಗಳಕ್ಕೇ ಬಂದವಳು ಸಖೀನಾ. ಅವಳ ಗಂಡ ಅರಬರ ನಾಡಿನ ದಮ್ಮಾಮಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಅತ್ತೆ, ಎಂಟು ವರ್ಷದ ಮಗಳು ಕೋಹಿನೂರ್, ಎದೆಹಾಲು ಕುಡಿಯುವ ಮಗ ಮಿಂಟು. ಗಂಡ ಕಳಿಸಿದ ದುಡ್ಡಲ್ಲಿ ಹೊದಿಸಿದ ಹೊಸ ತಗಡು ಆ ಕೇರಿಯಲ್ಲೇ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿತ್ತು.

"ಓದು ಕಲೀಲಿ ಅಂತ ಕಳಿಸಿದ್ರೆ ಕೆಸರಲ್ಲಿ ಹೊರಳಿಸಿ ಕಳಿಸ್ತೀಯಲ್ಲ ಆಪಾ, ಸೋಪು ನಿಮ್ಮ ಆಫೀಸಿನೋರು ಕೊಡ್ತಾರಾ? ಒಂದು ಫ್ರಾಕು ಒಗೆಯೋಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗುತ್ತೆ."

"ಫ್ರಾಕು ಹೋದ್ರೆ ಇನ್ನೊಂದು ಬರುತ್ತೆ ಸಖೀನಾ."

"ಇನ್ನೊಂದು ನೀನು ತಂದ್ಕೊಡ್ತೀಯಾ?" ಎಂದು ಅವಳು ಬಿರುಸಿನಿಂದ ಹೋದಳು. ಮರುದಿನ ಮಗಳಿಗೆ ಹಳೆಯ ಬಟ್ಟೆ ಹಾಕಿ ಕಳಿಸಿದಳು, ಅಷ್ಟೇ. ಶಾಲೆ ಬಿಡಿಸಲಿಲ್ಲ.

ಕೋಹಿನೂರಳ ಬಾಯಿಗೆ ಬೀಗವೆಂಬುದಿರಲಿಲ್ಲ. ಮುಂದಿನ ಎರಡು ಹಲ್ಲು ಬಿದ್ದಿದ್ದರಿಂದ ಮಾತೆಲ್ಲ ಗಾಳಿಗೂಡಿ ಬರುತ್ತಿತ್ತು. ಪಾಠದ ನಡುವೆ ಕೈ ಎತ್ತಿಯೇ ಇರುತ್ತಿದ್ದಳು.

"ಆಪಾ, ಗಾಳಿ ಬಂದ್ರೆ ಹಸು ಏನು ಮಾಡ್ಬೇಕು?"

"ಹಗ್ಗ ಬಿಚ್ಚಿಬಿಡ್ಬೇಕು. ಅದು ಎಲ್ಲಾದ್ರೂ ಹೋಗುತ್ತೆ."

"ಅದಕ್ಕೆ ಕತ್ತಿನ ಮೇಲೆ ಕೈ ಇಟ್ಕೊಳ್ಳೋಕೆ ಬರಲ್ವಲ್ಲ?"

ತರಗತಿಯೆಲ್ಲ ನಕ್ಕಿತು. ಜೋಬೇದಾಳೂ ನಕ್ಕಳು. ಕೋಹಿನೂರ್ ಮಾತ್ರ ನಗಲಿಲ್ಲ. ಅವಳಿಗೆ ನಿಜವಾಗಿಯೂ ಹಸುವಿನ ಚಿಂತೆ.

"ಆಪಾ, ತಗಡು ಹಳ್ಳಕ್ಕೇ ಬಂದ್ರೆ?"

"ಬರಲ್ಲ. ತಗಡು ಮೇಲ್ಮೇಲೇ ಹಾರ್ಕೊಂಡು ಹೋಗುತ್ತೆ."

"ನಿಜವಾಗ್ಲೂ?"

"ನಿಜವಾಗ್ಲೂ. ಕೂತ್ಕೋ."

ಅವಳು ಕೂತಳು. ಆಪಾ ಹೇಳಿದ ಮೇಲೆ ಅದು ಮುಗಿದ ಮಾತು.

*

ಆ ವರ್ಷ ವೈಶಾಖ ಇನ್ನೂ ಹುಟ್ಟಿರಲಿಲ್ಲ. ಗದ್ದೆಯಲ್ಲಿ ಬೇಸಿಗೆ ಭತ್ತ ಹಣ್ಣಾಗಿತ್ತು. ಬೆಳಗಿನಿಂದ ಒಂದು ಎಲೆಯೂ ಅಲುಗಿರಲಿಲ್ಲ. ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದರು, ಬೆವರು ಸ್ಲೇಟಿನ ಮೇಲೆ ಹನಿಯುತ್ತಿತ್ತು. ಕೋಣೆ ಇದ್ದಕ್ಕಿದ್ದಂತೆ ಕತ್ತಲಾದಾಗ ಜೋಬೇದಾ ಬಾಗಿಲಿಗೆ ಬಂದಳು. ವಾಯವ್ಯದ ಆಕಾಶ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅಂಗಳದಲ್ಲಿ ಒಂದು ಆಲಿಕಲ್ಲು ಬಿತ್ತು, ಆಮೇಲೆ ಇನ್ನೊಂದು, ಕಿತ್ತಳೆ ಗಾತ್ರದ್ದು. ಆಮೇಲೆ ಅದೂ ನಿಂತಿತು. ಹಕ್ಕಿಗಳ ಸದ್ದು ಇರಲಿಲ್ಲ. ದೂರದಲ್ಲಿ, ತೀರಾ ದೂರದಲ್ಲಿ, ಮಗ್ಗಗಳು ಬಡಿಯತೊಡಗಿದವು. ಆ ದಿಕ್ಕಿನಲ್ಲಿ ನೇಕಾರರ ಕೇರಿ ಇರಲಿಲ್ಲ.

ಅವಳು ಕೂಗಿದಳು.

"ಕಪ್ಪೆ."

ಮಕ್ಕಳು ಆಟವೆಂದೇ ನಗುತ್ತ ಎದ್ದರು. ಹೊರಗೆ ಬಂದು ಆಕಾಶ ನೋಡಿದ ಮೇಲೆ ನಗು ನಿಂತಿತು. ಆದರೆ ಕಾಲು ನಿಲ್ಲಲಿಲ್ಲ. ಎಷ್ಟೋ ಸಲ ಓಡಿದ ದಾರಿ, ಕಣ್ಣು ಮುಚ್ಚಿಯೂ ಓಡುತ್ತಿದ್ದರು. ಒಬ್ಬೊಬ್ಬರಾಗಿ ಹಳ್ಳಕ್ಕೆ ಹಾರಿ ಸಾಲಾಗಿ ಮಲಗಿದರು. ಹಿಂದೆ ಉಳಿದಿದ್ದ ಒಂದು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಜೋಬೇದಾ ಕೊನೆಯವಳಾಗಿ ಇಳಿದಳು. ಇಳಿಯುವಾಗ ಸಾಲಿನ ಆ ತುದಿಯಲ್ಲಿ ಕೋಹಿನೂರಳ ಕೆಂಪು ರಿಬ್ಬನ್ನು ಕಂಡಿತು. ಅವಳು ಸರಿಯಾಗಿಯೇ ಮಲಗಿದ್ದಳು.

ಆಮೇಲೆ ಏನೂ ಕಾಣಲಿಲ್ಲ. ಮೇಲಿನಿಂದ ಏನೇನೋ ಹಾದುಹೋಯಿತು. ಕಿವಿ ಕಿತ್ತುಬರುವಂಥ ನೋವು. ಮಣ್ಣು, ನೀರು, ಭತ್ತದ ತೆನೆ, ಯಾರದೋ ಮನೆಯ ಪಾತ್ರೆ. ಹೊಟ್ಟೆಯ ಕೆಳಗಿದ್ದ ಮಗು ನಡುಗುತ್ತಿತ್ತು. ಅವಳು ಅದರ ಕಿವಿಯಲ್ಲಿ ಏನೂ ಆಗಲ್ಲ, ಏನೂ ಆಗಲ್ಲ ಎನ್ನುತ್ತಲೇ ಇದ್ದಳು.

ಮಳೆ ಬಂತು. ಮಾಮೂಲಿ ಮಳೆ. ಅವಳು ತಲೆ ಎತ್ತಿದಳು. ಶಾಲೆ ಇರಲಿಲ್ಲ. ನೆಲ ಮಾತ್ರ ಇತ್ತು, ಮಕ್ಕಳು ಕೂರುತ್ತಿದ್ದ ಜಾಗದ ಮೇಲೆ ಯಾರದೋ ಮನೆಯ ತೊಲೆಯೊಂದು ಅಡ್ಡ ಬಿದ್ದಿತ್ತು. ಒಳಗಿದ್ದಿದ್ದರೆ ಎಂದುಕೊಂಡಳು.

"ಮುಗೀತು. ಏಳಿ ಮಕ್ಕಳೇ, ಮುಗೀತು."

ಕೆಸರಿನ ಮುದ್ದೆಗಳು ಒಂದೊಂದಾಗಿ ಎದ್ದವು. ಅಳುವವರು ಅತ್ತರು. ಒಬ್ಬ ಹುಡುಗ ಚಪ್ಪಲಿ ಹುಡುಕತೊಡಗಿದ. ಜೋಬೇದಾ ಒಬ್ಬೊಬ್ಬರ ತಲೆ ಮುಟ್ಟುತ್ತ ಬಂದಳು. ಅಲ್ಲಾಹ್, ಎದ್ದರು, ಎಲ್ಲರೂ ಎದ್ದರು ಎನ್ನುತ್ತ ಸಾಲಿನ ಕೊನೆಗೆ ಬಂದಳು.

ಅಲ್ಲಿ ಹಳ್ಳದ ಅಂಚಿಗೆ ಒಂದು ತಗಡು ಓರೆಯಾಗಿ ಬಂದು ನಾಟಿಕೊಂಡಿತ್ತು. ಕೋಹಿನೂರ್ ಇನ್ನೂ ಮಲಗಿಯೇ ಇದ್ದಳು. ಬೆರಳು ಹೆಣೆದ ಕೈಗಳು ಕತ್ತಿನ ಹಿಂದೆ ಹಾಗೇ ಇದ್ದವು.

"ಏಳು ಮಗಳೇ. ಮುಗೀತು ಅಂದ್ನಲ್ಲ."

ಏಳದವಳನ್ನು ಜೋಬೇದಾ ಬಾಚಿ ಎತ್ತಿಕೊಂಡಳು. ಆಗಲೇ ದಿಬ್ಬದ ಕಡೆಯಿಂದ ಸಖೀನಾ ಓಡಿಬಂದಳು. ಸೊಂಟದಲ್ಲಿ ಮಿಂಟು, ಇಬ್ಬರೂ ತಲೆಯಿಂದ ಕಾಲಿನವರೆಗೆ ಕೆಸರು. ಎದ್ದು ನಿಂತ ಮಕ್ಕಳ ಗುಂಪನ್ನು ದೂರದಿಂದಲೇ ಕಂಡು ಅವಳ ಮುಖದಲ್ಲಿ ನಗು ಬಂದಿತ್ತು. ಆ ನಗು ಹೇಗೆ ಹೋಯಿತೆಂಬುದನ್ನು ಜೋಬೇದಾ ಸಾಯುವವರೆಗೂ ಯಾರ ಬಳಿಯೂ ಹೇಳಲಿಲ್ಲ.

*

ಊರಲ್ಲಿ ಬಹಳ ಜನ ಹೋದರು. ಕಾಸೆಂ ಮುನ್ಷಿ ಮಸೀದಿಯ ಇಟ್ಟಿಗೆ ಗೋಡೆಯೊಳಗಿದ್ದು ಉಳಿದಿದ್ದ. ಸಾಲುಸಾಲು ಹೆಣಗಳ ಮುಂದೆ ಜನಾಜಾ ನಮಾಜು ನಡೆಸಿ ಅವನ ದನಿಯೇ ಬಿದ್ದುಹೋಯಿತು. ಕುದ್ದೂಸ್ ಗಾಡಿಯಲ್ಲಿ ಗಾಯಗೊಂಡವರನ್ನು ಆಸ್ಪತ್ರೆಗೆ ಹೊತ್ತ. ಟಾರ್ಪಾಲು ಬಂತು, ಅವಲಕ್ಕಿ ಬೆಲ್ಲ ಬಂತು, ಪೇಟೆಯವರು ಫೋಟೋ ತೆಗೆದುಕೊಂಡು ಹೋದರು. ಗದ್ದೆಯಲ್ಲಿ ಬಿದ್ದ ತಗಡುಗಳನ್ನು ಜನ ಆರಿಸಿ ರಾಶಿ ಹಾಕಿದರು. ಇದು ನನ್ನದು, ಅದು ನಿನ್ನದು ಎಂದು ಬಾಗಿದ ಮೂಲೆ ನೋಡಿ ಗುರುತು ಹಿಡಿದರು. ಹಳ್ಳದಲ್ಲಿ ಸಿಕ್ಕ ಆ ಒಂದನ್ನು ಮಾತ್ರ ಯಾರೂ ತಮ್ಮದೆನ್ನಲಿಲ್ಲ. ಕುದ್ದೂಸ್ ಅದನ್ನು ಹೊತ್ತೊಯ್ದು ನದಿಗೆ ಹಾಕಿದ.

ನಲವತ್ತನೇ ದಿನದ ದುವಾ ಪ್ರಾರ್ಥನೆ ಕಳೆದ ಮೇಲೆ ತಾಲ್ಲೂಕು ಕಚೇರಿಯಿಂದ ಕರೆ ಬಂತು. ಜೋಬೇದಾಗೆ ಸನ್ಮಾನವಂತೆ. ಅವಳು ಬೇಡವೆಂದಳು. ಸಂಸ್ಥೆಯ ಮೇಲ್ವಿಚಾರಕಿ ಬಂದು ಕೈಹಿಡಿದು, "ನೀವು ಬಂದ್ರೆ ಬೇರೆ ಊರುಗಳಲ್ಲೂ ಈ ಪಾಠ ಶುರುವಾಗುತ್ತೆ ಆಪಾ" ಎಂದು ಒಪ್ಪಿಸಿದಳು. ವೇದಿಕೆಯ ಮೇಲೆ ಒಬ್ಬರು ಮೈಕಿನಲ್ಲಿ ಹೇಳಿದರು.

"ಈ ತಾಯಿಯ ಪಾಠದಿಂದ ಶಾಲೆಯ ಮಕ್ಕಳೆಲ್ಲ ಉಳಿದರು."

ಚಪ್ಪಾಳೆ ಬಿತ್ತು. ಸೀರೆ ಕೊಟ್ಟರು, ಮಾತಾಡಲು ಕರೆದರು. ಜೋಬೇದಾ ಮೈಕಿನ ಮುಂದೆ ನಿಂತಳು.

"ಎಲ್ಲ ಅಲ್ಲ" ಎಂದಳು. ಬಂದು ಕೂತಳು.

ವಾಪಸು ಬರುವಾಗ ಗಾಡಿ ತುಳಿಯುತ್ತ ಕುದ್ದೂಸ್ ತಮಾಷೆ ಬಿಟ್ಟು ಮಾತಾಡಿದ. ಅವನಿಗೆ ಅದು ಅಭ್ಯಾಸವಿಲ್ಲದ ಕೆಲಸ.

"ಬಾಕಿಯೋರೆಲ್ಲ ಉಳಿದ್ರಲ್ಲ. ಅದನ್ನೂ ಒಂಚೂರು ನೆನೆಸ್ಕೋ."

"ನೆನೆಸ್ಕೋತೀನಿ. ಆದ್ರೆ ಅವಳು ಕೇಳಿದ್ಳು ಕಣ್ರೀ. ತಗಡು ಹಳ್ಳಕ್ಕೇ ಬಂದ್ರೆ ಅಂತ ಬಾಯಿಬಿಟ್ಟು ಕೇಳಿದ್ಳು. ನಾನು ಕೂತ್ಕೋ ಅಂದೆ."

ಮನೆಗೆ ಬಂದ ಮೇಲೆ ಆ ಸೀರೆ ಪೆಟ್ಟಿಗೆಯ ತಳ ಸೇರಿತು.

ಟಾರ್ಪಾಲಿನ ಕೆಳಗೆ ಶಾಲೆ ಮತ್ತೆ ಶುರುವಾಯಿತು. ಜೋಬೇದಾ ಅಕ್ಷರ ಕಲಿಸಿದಳು, ಮಗ್ಗಿ ಕಲಿಸಿದಳು. ಕಪ್ಪೆಯ ಸುದ್ದಿ ಎತ್ತಲಿಲ್ಲ. ಆಷಾಢ ಶ್ರಾವಣದಲ್ಲಿ ಹಳ್ಳ ನೀರು ತುಂಬಿಕೊಂಡಿತು, ನೋಡಬೇಕಾದ್ದಿರಲಿಲ್ಲ. ಚಳಿಗಾಲ ಕಳೆದು ಫಾಲ್ಗುಣ ಬಂದಾಗ ನೀರಿಳಿದು ಹಳ್ಳ ಮತ್ತೆ ಬಾಯಿ ತೆರೆಯಿತು. ಒಂದು ಮಧ್ಯಾಹ್ನ ವಾಯವ್ಯದಲ್ಲಿ ಮೋಡ ಎದ್ದಿತು. ಬರೀ ಮಳೆಮೋಡವೇ ಇರಬಹುದು, ಆದರೆ ಜೋಬೇದಾಗೆ ತಾಳಲಾಗಲಿಲ್ಲ. ಕೂಗಿದಳು.

ಒಂದು ಮಗುವೂ ಹಳ್ಳದ ಕಡೆ ಓಡಲಿಲ್ಲ. ಕೆಲವರು ಅವಳ ಕಾಲು ಹಿಡಿದುಕೊಂಡರು, ಕೆಲವರು ಮನೆ ಕಡೆ ಓಡಿದರು, ಹೊಸ ತಗಡು ಹೊದಿಸಿದ ಮನೆಗಳ ಕಡೆಗೆ. ಅವಳು ಒಬ್ಬನ ರಟ್ಟೆ ಹಿಡಿದು ಎಳೆದಳು.

"ಹಳ್ಳಕ್ಕೆ ಇಳಿಯೋ."

"ಇಲ್ಲ ಆಪಾ. ಕೋಹಿನೂರ್ ಅಲ್ಲೇ ಸತ್ತಿದ್ದು."

ಅಂದು ನಾಲ್ಕು ಹನಿ ಮಳೆ ಬಿದ್ದು ಮೋಡ ಚದುರಿತು. ಜೋಬೇದಾ ಮನೆಗೆ ಬಂದು ಒಲೆ ಹಚ್ಚದೆ ಕೂತಳು. ಒಂದು ಸುಳ್ಳಿಗೆ ಎಷ್ಟು ಕೈಕಾಲು ಎಂದು ಅವಳಿಗೆ ಆಗ ತಿಳಿಯಿತು. ಏನೂ ಆಗಲ್ಲ ಎಂದು ನಂಬಿದ್ದ ಮಕ್ಕಳು ಈಗ ಏನೂ ನಂಬುತ್ತಿರಲಿಲ್ಲ.

*

ಸಖೀನಾ ಆವರೆಗೂ ಅವಳೊಡನೆ ಮಾತಾಡಿರಲಿಲ್ಲ. ಜೋಬೇದಾ ಎರಡು ಮೂರು ಸಲ ಮನೆಗೆ ಹೋಗಿದ್ದಳು. ಒಮ್ಮೆ ಅತ್ತೆ ಬಾಗಿಲಲ್ಲೇ ನಿಂತು, "ಊರ ಮಕ್ಕಳೆಲ್ಲ ಎದ್ದುಬಂದ್ರು, ನಮ್ಮದನ್ನ ಮಾತ್ರ ಮಣ್ಣಿಗಿಟ್ಟೆ. ಇನ್ನೇನು ಕೊಡೋಕೆ ಬಂದೆ?" ಎಂದಿದ್ದಳು. ಜೋಬೇದಾ ತಲೆ ತಗ್ಗಿಸಿ ಹಿಂತಿರುಗಿದ್ದಳು. ದಮ್ಮಾಮಿನಿಂದ ಗಂಡ ಹೊಸ ತಗಡಿಗೆ ದುಡ್ಡು ಕಳಿಸಿದರೂ ಸಖೀನಾ ಹುಲ್ಲು ಹೊದಿಸಿದ್ದಳು. ಅರಬರ ದುಡ್ಡು ಬಂದರೂ ಹುಲ್ಲಿನ ಸೂರು ಎಂದು ಊರು ಆಡಿಕೊಂಡಿತು.

ಮಕ್ಕಳು ಹಳ್ಳಕ್ಕಿಳಿಯದ ಸುದ್ದಿ ಅವಳ ಕಿವಿಗೂ ಬಿದ್ದಿರಬೇಕು. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಬಂದಳು. ಜೋಬೇದಾ ಕಸ ಗುಡಿಸುತ್ತಿದ್ದಳು.

"ಅವಳು ಹೇಗೆ ಮಲಗಿದ್ಳು, ತೋರ್ಸು" ಎಂದಳು ಸಖೀನಾ.

ಜೋಬೇದಾಳ ಕೈಯ ಪೊರಕೆ ನಿಂತಿತು.

"ನಾನು ಬಂದಾಗ ನೀನು ಅವಳನ್ನ ಎತ್ಕೊಂಡುಬಿಟ್ಟಿದ್ದೆ. ನಾನು ನೋಡ್ಲಿಲ್ಲ. ತೋರ್ಸು."

ಜೋಬೇದಾ ಕಸಪೊರಕೆ ಕೆಳಗಿಟ್ಟು ಹಳ್ಳಕ್ಕಿಳಿದಳು. ಆ ತುದಿಗೆ ಹೋಗಿ ಮೊಣಕಾಲೂರಿ, ಬೋರಲು ಮಲಗಿದಳು. ಕೈ ಕತ್ತಿನ ಹಿಂದೆ ಹೆಣೆದಳು. ಮುಖಕ್ಕೆ ತಣ್ಣನೆಯ ಮಣ್ಣು ತಾಗಿತು. ಎದ್ದು ನೋಡಿದರೆ ಸಖೀನಾ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು.

"ಏನೂ ಆಗಲ್ಲ ಅಂತ ಹೇಳಿದ್ಯಂತೆ."

"ಹೇಳಿದ್ದೆ."

"ಯಾಕೆ ಹೇಳ್ದೆ?"

"ಮಕ್ಕಳು ಹೆದರ್ತಿದ್ರು. ಅವರ ಮುಖ ನೋಡೋಕೆ ನನ್ನಿಂದ ಆಗ್ಲಿಲ್ಲ."

ಸಖೀನಾ ಒಂದು ಹುಲ್ಲುಕಡ್ಡಿ ಕಿತ್ತು ತುಂಡು ತುಂಡು ಮಾಡಿದಳು.

"ನನಗೂ ಅದನ್ನೇ ಹೇಳೋಳು. ಒಲೆ ಮುಂದೆ ಕೂತಿದ್ರೆ ಬಂದು ಕಪ್ಪೆ ಅಂತ ಕೂಗೋಳು. ನಾನು ಮಲಗದಿದ್ರೆ ಊಟ ಮಾಡಲ್ಲ ಅಂತ ಹಟ. ಕೊಟ್ಟಿಗೆ ಹಿಂದೆ ಗೊಬ್ಬರದ ಗುಂಡಿ ಇದೆಯಲ್ಲ, ಅದರ ಪಕ್ಕದ ತಗ್ಗು ನಿನ್ನ ಜಾಗ ಅಮ್ಮಾ ಅಂತ ತೋರ್ಸಿದ್ಲು. ಮಿಂಟೂನ ಹೊಟ್ಟೆ ಕೆಳಗೆ ಇಟ್ಕೋಬೇಕು ಅಂತ ಹೇಳ್ಕೊಟ್ಲು. ಬಯ್ಕೊಂಡೇ ಮಲಗ್ತಿದ್ದೆ." ಹುಲ್ಲಿನ ತುಂಡುಗಳನ್ನು ಹಳ್ಳಕ್ಕೆ ಉದುರಿಸಿದಳು. "ಅವತ್ತು ಅತ್ತೆ ತವರಿಗೆ ಹೋಗಿದ್ರು. ಮೋಡ ಕಂಡ ಕೂಡ್ಲೆ ನನ್ನ ಕಾಲು ತಾನಾಗೇ ಅಲ್ಲಿಗೆ ಹೋಯ್ತು. ಮನೆ ಹೋಯ್ತು, ಕೊಟ್ಟಿಗೆ ಹೋಯ್ತು. ನಾನೂ ಮಿಂಟೂನೂ ಇದ್ವಿ. ನಿನ್ನ ಪಾಠದಿಂದ ಇದ್ವಿ. ಎದ್ದು ಓಡ್ಬರ್ತಾ ಏನು ಅಂದ್ಕೊಂಡೆ ಗೊತ್ತಾ? ಅವಳಿಗೆ ಹೇಳ್ಬೇಕು, ನೀನು ಹೇಳ್ದಂಗೇ ಮಾಡ್ದೆ ಕಣೇ ಅಂತ."

ಜೋಬೇದಾ ಹಳ್ಳದೊಳಗೇ ನಿಂತು ಅತ್ತಳು. ಸಖೀನಾ ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ನಿನ್ನ ಕಂಡ್ರೆ ನನ್ನ ಒಡಲು ಉರಿಯುತ್ತೆ ಆಪಾ. ಅದು ಹೋಗಲ್ಲ. ಆದ್ರೆ ಮಕ್ಕಳು ತಗಡಿನ ಮನೆಗೆ ಓಡಿದ್ರಂತೆ. ಅದನ್ನ ಕೇಳಿ ನನಗೆ ನಿದ್ದೆ ಹತ್ತಲಿಲ್ಲ."

ಅಷ್ಟು ಹೇಳಿ ಎದ್ದು ಹೋದಳು.

ಮರುದಿನ ಜೋಬೇದಾ ಮಕ್ಕಳನ್ನು ಹಳ್ಳಕ್ಕೆ ಕರೆಯಲಿಲ್ಲ. ಅದರ ಅಂಚಿನಲ್ಲಿ ಸುತ್ತ ಕೂರಿಸಿದಳು. ತನ್ನ ಅಮ್ಮನ ಸಂಗತಿ ಹೇಳಿದಳು, ಮೊದಲ ಸಲ ಏನೂ ಬಿಡದೆ. ಕೋಹಿನೂರಳ ಸಂಗತಿ ಹೇಳಿದಳು. ಮಕ್ಕಳು ಕಣ್ಣು ಪಿಳುಕಿಸದೆ ಕೇಳಿದರು.

"ನಾನು ಏನೂ ಆಗಲ್ಲ ಅಂದಿದ್ದೆ. ಅದು ಸುಳ್ಳು. ಹಳ್ಳದಲ್ಲಿ ಮಲಗಿದ್ರೂ ಆಗಬಹುದು. ಮನೆಯೊಳಗೆ ನಿಂತ್ರೆ ಆಗೋದು ತುಂಬಾ ಜಾಸ್ತಿ. ನನಗೆ ಗೊತ್ತಿರೋದು ಇಷ್ಟೇ."

ಒಂದು ಹುಡುಗಿ ಕೇಳಿದಳು. "ಹಾಗಾದ್ರೆ ಯಾರಿಗೆ ಆಗುತ್ತೆ ಅಂತ ಮೊದಲೇ ಗೊತ್ತಾಗಲ್ವಾ?"

"ಗೊತ್ತಾಗಲ್ಲ ಮಗಳೇ."

"ನಿಮಗೂ?"

"ನನಗೂ."

ಯಾರೂ ನಗಲಿಲ್ಲ, ಯಾರೂ ಉಚ್ಚೆ ಹೊಯ್ದುಕೊಳ್ಳಲೂ ಇಲ್ಲ. ಮಕ್ಕಳು ಸುಳ್ಳು ಒಡೆದಾಗ ಹೆದರಿದಷ್ಟು ನಿಜಕ್ಕೆ ಹೆದರುವುದಿಲ್ಲವೇನೋ ಎಂದು ಜೋಬೇದಾಗೆ ಅನ್ನಿಸಿತು. ಖಚಿತವಾಗಿ ಅನ್ನಿಸಿತು ಎನ್ನುವಂತಿಲ್ಲ, ಖಚಿತ ಎಂಬ ಮಾತೇ ಅವಳಿಗೆ ಬೇಡವಾಗಿತ್ತು. ವಾರ ಕಳೆದ ಮೇಲೆ ಒಬ್ಬ ಹುಡುಗ ತಾನಾಗೇ ಹಳ್ಳಕ್ಕಿಳಿದು ಮಲಗಿದ. ಆಮೇಲೆ ಇನ್ನೊಬ್ಬಳು. ಸಾಲು ಮತ್ತೆ ತುಂಬಲು ಬೇಸಿಗೆಯೆಲ್ಲ ಬೇಕಾಯಿತು.

*

ಮುಂದಿನ ವರ್ಷಗಳಲ್ಲಿ ಗಾಳಿ ಬಂತು, ಹೋಯಿತು, ಆ ಊರನ್ನು ಸವರಿಕೊಂಡು ಹೋಯಿತು. ಮಕ್ಕಳು ಒಂದೆರಡು ಸಲ ನಿಜಕ್ಕೂ ಹಳ್ಳದಲ್ಲಿ ಮಲಗಿ, ಎದ್ದು, ಮನೆಗೆ ಹೋದರು. ಕಾಸೆಂ ಮುನ್ಷಿ ತೀರಿಕೊಂಡ. ಸಾಯುವ ಮೊದಲು ಒಂದು ಶುಕ್ರವಾರ ನಮಾಜಿಗೆ ಬಂದವರಿಗೆಲ್ಲ, ಮೋಡ ಕಂಡರೆ ಹೆಂಗಸರು ಮಕ್ಕಳಿಗೆ ಮಸೀದಿಯ ಬಾಗಿಲು ತೆರೆದಿರಬೇಕು ಎಂದು ಹೇಳಿದ. ಅದನ್ನು ಅವನ ಬಾಯಿಂದ ಹೇಳಿಸಲು ಜೋಬೇದಾ ಎಷ್ಟು ಸಲ ಅವನ ಅಂಗಳದಲ್ಲಿ ಕೂತಿದ್ದಳೋ. "ಈ ಕಪ್ಪೆ ನನ್ನ ಪ್ರಾಣ ತಿಂದುಬಿಟ್ಳು" ಎಂದು ಅವನು ಹೆಂಡತಿಯ ಬಳಿ ಹೇಳಿಕೊಂಡಿದ್ದನಂತೆ.

ಮಿಂಟುಗೆ ಆರು ತುಂಬಿದಾಗ ಸಖೀನಾ ಅವನ ಕೈಹಿಡಿದು ಶಾಲೆಗೆ ತಂದಳು. ಬಿಟ್ಟು ಹೋಗಲಿಲ್ಲ. ಹೊರಗೆ ಹಿಜಲ್ ಮರದ ಕೆಳಗೆ ಕೂತಳು. ಜೋಬೇದಾ ಅವನಿಗೆ ಚಾಪೆ ತೋರಿಸಿದಳು, ಸ್ಲೇಟು ಕೊಟ್ಟಳು. ಚೈತ್ರ ಮಾಸ, ಹೊಸ ಮಕ್ಕಳು ಬಂದಿದ್ದರು, ಅಂದು ಹಳ್ಳದ ಪಾಠದ ದಿನ. ಅವಳು ಮಧ್ಯಾಹ್ನದವರೆಗೆ ಮಗ್ಗಿಯಲ್ಲೇ ತಡೆದಳು. ಕೊನೆಗೆ ಸಖೀನಾ ತಾನೇ ಬಾಗಿಲಿಗೆ ಬಂದು ನಿಂತಳು.

"ಇವತ್ತು ಅದಿಲ್ವಾ?"

"ನಾಳೆ ಮಾಡ್ತೀನಿ ಸಖೀನಾ. ನೀನು ಮನೇಲಿರ್ವಾಗ."

"ಇವತ್ತೇ ಮಾಡು. ನಾನಿರ್ವಾಗ್ಲೇ ಮಾಡು."

ಜೋಬೇದಾ ಮಕ್ಕಳನ್ನು ಹೊರಗೆ ತಂದಳು. ಇದ್ದದ್ದನ್ನು ಇದ್ದಹಾಗೆ ಹೇಳಿದಳು, ಕೋಹಿನೂರಳ ಹೆಸರು ಬಂದಾಗ ನಿಲ್ಲಿಸಲಿಲ್ಲ. ಮಿಂಟು ಅಕ್ಕನ ಹೆಸರು ಕೇಳಿ ತಾಯಿಯ ಕಡೆ ತಿರುಗಿ ನೋಡಿದ. ಸಖೀನಾ ತಲೆಯಾಡಿಸಿದಳು, ಕೇಳು ಎನ್ನುವಂತೆ. ಕೂಗು ಬಿದ್ದಾಗ ಅವನು ಎಲ್ಲರಿಗಿಂತ ಹಿಂದೆ ಬಿದ್ದ, ಹಳ್ಳದ ಅಂಚಿನಲ್ಲಿ ಕೂತು ಜಾರಿದ, ವಾರೆಯಾಗಿ ಮಲಗಿ ಆಕಾಶ ನೋಡತೊಡಗಿದ. ಉಳಿದ ಮಕ್ಕಳು ಕಿಸಕ್ಕೆಂದರು.

ಸಖೀನಾ ಸೀರೆಯ ನೆರಿಗೆ ಮೇಲೆತ್ತಿ ಹಳ್ಳಕ್ಕಿಳಿದಳು. ಮಗನನ್ನು ಮಗುಚಿ ಮಲಗಿಸಿದಳು. ಅವನ ಕೈಬೆರಳುಗಳನ್ನು ಹೆಣೆದು ಕತ್ತಿನ ಹಿಂದೆ ಇಟ್ಟು, ಅದರ ಮೇಲೆ ತನ್ನ ಅಂಗೈ ಒತ್ತಿದಳು.

"ಹೀಗೆ. ಆಪಾ ಹೇಳೋವರೆಗೂ ಏಳ್ಬೇಡ."

ಜೋಬೇದಾ ಅಂದು "ಮುಗೀತು" ಎನ್ನಲು ತುಸು ತಡಮಾಡಿದಳು. ಸಖೀನಾಳ ಕೈ ಮಗನ ಕತ್ತಿನ ಮೇಲೆ ಇನ್ನೂ ಇತ್ತು.

ಶಾಲೆ ಬಿಟ್ಟಾಗ ಕುದ್ದೂಸ್ ಗಾಡಿ ತಂದಿದ್ದ. ಈಗ ಅವನಿಗೂ ವಯಸ್ಸಾಗಿತ್ತು, ಏರು ಬಂದರೆ ಇಳಿದು ತಳ್ಳುತ್ತಿದ್ದ. "ಹತ್ತಿ ಭಾಬಿ, ಮನೆ ಹತ್ರ ಬಿಡ್ತೀನಿ. ಹುಡುಗನ ಕಾಲು ನೋಡಿ, ಎಮ್ಮೆ ಕರು ಹಾಗಿದೆ" ಎಂದ. ಸಖೀನಾ ಒಂದು ಕ್ಷಣ ಹಿಂದೆಮುಂದೆ ನೋಡಿ ಹತ್ತಿದಳು. ಜೋಬೇದಾ ಗಾಡಿಯ ಇನ್ನೊಂದು ಅಂಚಿನಲ್ಲಿ ಕೂತಳು, ನಡುವೆ ಮಿಂಟು. ಕೆಸರು ಒಣಗಿ ಮಿಂಟುವಿನ ಮೊಣಕೈ ಕೆರೆಯುತ್ತಿತ್ತು, ಅವನು ಉಗುರಿನಿಂದ ಕೆತ್ತಿ ಕೆತ್ತಿ ತೆಗೆಯುತ್ತಿದ್ದ. ಹುಲ್ಲಿನ ಸೂರಿನ ಮನೆಯ ಮುಂದೆ ಗಾಡಿ ನಿಂತಾಗ ಸಖೀನಾ ಇಳಿದಳು, ಮಗನನ್ನು ಇಳಿಸಿಕೊಂಡಳು.

"ನಾಳೆ ಬೇಗ ಕಳಿಸ್ತೀನಿ" ಎಂದಳು, ಜೋಬೇದಾಳ ಮುಖ ನೋಡದೆ. ಒಳಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡಳು.